ಅಕ್ಕ ನಿಲ್ಲಿಸಿದ ಕಲ್ಲು

೩ ಫೆಬ್ರವರಿ ೧೯೯೭
ಮನೆಯಿಂದ

ತಮ್ಮಾ,

ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ನಾನು ರಸ್ತೆಯಲ್ಲಿರುತ್ತೇನೆ. ತಡೆಯಲು ನಿನಗೆ ಅವಕಾಶ ಇರಬಾರದೆಂದೇ ತಡವಾಗಿ ಬರೆಯುತ್ತಿದ್ದೇನೆ. ಫೋನು ಮಾಡಬೇಡ. ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಬರುವುದೆಲ್ಲ ಕೊರಕೊರ.

ನಿಮ್ಮ ಇಲಾಖೆಯ ಹೊಸ ಸಂಪಾದಕರು ನನಗೆ ಕಳಿಸಿದ ಕಾಗದವನ್ನು ನೀನೂ ಓದಿರುತ್ತೀಯ. ಶಾಸನಗಳ ಹೊಸ ಸಂಪುಟ ಮಾರ್ಚ್ ಹದಿನೈದಕ್ಕೆ ಮುದ್ರಣಕ್ಕೆ ಹೋಗುತ್ತದಂತೆ. ಅಷ್ಟರೊಳಗೆ ೧೧೪ನೇ ಕಲ್ಲಿನ ಫೋಟೋ ಸಿಗದಿದ್ದರೆ, ಅಪ್ಪನ ಹೆಸರಿನಲ್ಲಿರುವ ಪಡಿಯಚ್ಚಿನ ಕೆಳಗೆ ಹೀಗೊಂದು ಟಿಪ್ಪಣಿ ಬರುತ್ತದಂತೆ: "ಮೂಲ ಕಲ್ಲು ಪತ್ತೆಯಾಗಿಲ್ಲ. ಪಡಿಯಚ್ಚು ಕೃತಕವೆಂದು ಭಾವಿಸಲಾಗಿದೆ."

ಕೃತಕ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ, ಅಕ್ಷರ ಎಬ್ಬಿಸುವುದರಲ್ಲೇ ಮುಪ್ಪಾದ ಮನುಷ್ಯ ಅಪ್ಪ. ಮೂವತ್ತೊಂದು ವರ್ಷದ ಕೆಲಸದಲ್ಲಿ ಒಂಬೈನೂರು ಕಲ್ಲು. ಅದರಲ್ಲಿ ಒಂದನ್ನು ಮನೆಯಲ್ಲಿ ಕೂತು ಸೃಷ್ಟಿ ಮಾಡಿದನೆಂದು ಇವರ ತೀರ್ಮಾನ. ಇವರದ್ದೂ ಅಲ್ಲ, ಆ ಪ್ರೊಫೆಸರರದ್ದು. ಅವರ ಶಾಸನ ಪತ್ರಿಕೆಯ ೧೯೬೯ರ ಜುಲೈ ಸಂಚಿಕೆ, ನಲವತ್ತೊಂದನೇ ಪುಟ, ಕೆಳಗಿನಿಂದ ಆರನೇ ಸಾಲು: "ಇಂಥ ಕಲ್ಲು ಇಲ್ಲ." ಮೂರು ಪದ. ಆ ಮೂರು ಪದಕ್ಕೆ ಅಪ್ಪನನ್ನು ಕಡ್ಡಾಯ ನಿವೃತ್ತಿ ಮಾಡಿ ಮನೆಗೆ ಕಳಿಸಿದರು. ಆಮೇಲೆ ಐದು ವರ್ಷ ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದು, ಆಮೇಲೆ ಕುರ್ಚಿ ಮಾತ್ರ ಉಳಿದದ್ದು ನಿನಗೆ ಗೊತ್ತು.

ಆ ಕಲ್ಲಿನ ಒಂದು ಸಾಲನ್ನು ನಾನು ಮೂವತ್ತು ವರ್ಷ ಇತಿಹಾಸದ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದಿದ್ದೇನೆ. "ಈ ಕಣಿವೆಯ ದಾರಿ ಕಡಿದವನಿಗೆ ಅಕ್ಕ ನಿಲ್ಲಿಸಿದ ಕಲ್ಲು." ರಾಜನ ಹೆಸರಿಲ್ಲ, ಯುದ್ಧವಿಲ್ಲ, ದಾನವಿಲ್ಲ. ಬಂಡೆ ಒಡೆದು ದಾರಿ ಮಾಡಿದ ಒಬ್ಬ, ಅವನಿಗೆ ಕಲ್ಲು ನಿಲ್ಲಿಸಿದ ಒಬ್ಬ ಅಕ್ಕ. ಮಕ್ಕಳು ಬೇರೆಲ್ಲ ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ಅಪ್ಪನ ೧೯೫೮ರ ದಿನಚರಿ ನನ್ನ ಚೀಲದಲ್ಲಿದೆ. ಅವನು ಹೋದ ದಾರಿಯಲ್ಲೇ ಹೋಗುತ್ತೇನೆ: ಕಲ್ಲಿನ ವೃತ್ತಗಳು, ಮೂರು ಬಾಗಿಲ ಕೋಟೆ, ಕಣಿವೆ, ಮೇಲಿನ ಬಂಗಲೆ. ಕಾರು ಓಡಿಸಲು ನಿವೃತ್ತ ಬಸ್ ಚಾಲಕರೊಬ್ಬರು ಸಿಕ್ಕಿದ್ದಾರೆ. ನೀನು ಮುಂದಿನ ಊರಿನ ಅಂಚೆ ಕಚೇರಿಗೆ ಬರೆ, ನಾನು ಹೋಗಿ ಕೇಳಿ ಪಡೆಯುತ್ತೇನೆ. ೧೯೫೮ರಲ್ಲಿ ನೀನೇ ಅಪ್ಪನ ಸಹಾಯಕ. ಕಲ್ಲು ಕಣಿವೆಯ ಯಾವ ಪಕ್ಕ ಇತ್ತು, ನೆನಪಿದ್ದಷ್ಟು ತಿಳಿಸು.

ನಿನ್ನ ಅಕ್ಕ


೮ ಫೆಬ್ರವರಿ ೧೯೯೭
ಪಡಿಯಚ್ಚು ಸಂಗ್ರಹ, ನೆಲಮಾಳಿಗೆ

ಅಕ್ಕಾ,

ನಿನ್ನ ಪತ್ರ ಬಂತು.

ಮೂವತ್ತೊಂಬತ್ತು ವರ್ಷ ಆಯಿತು. ಕಲ್ಲು ಯಾವ ಪಕ್ಕ ಇತ್ತೆಂದು ನೆನಪಿಲ್ಲ. ಆ ದಾರಿ ಈಗ ಮುಚ್ಚಿದೆ ಎಂದು ಕೇಳಿದ್ದೇನೆ. ನಿನ್ನ ಮಂಡಿಯ ಬಗ್ಗೆ ಯೋಚನೆ ಮಾಡು.

ಸಂಪಾದಕರು ಕೆಟ್ಟವರಲ್ಲ. ಇಬ್ಬರೂ ಚಿಕ್ಕವರು, ಕೆಲಸ ಗೊತ್ತಿರುವವರು. ಕಲ್ಲು ಇಲ್ಲದೆ ಕಾಗದವನ್ನು ನಂಬುವುದಿಲ್ಲ ಎನ್ನುತ್ತಾರೆ, ಅಷ್ಟೆ. ಅಪ್ಪನೂ ಹಾಗೆಯೇ ಹೇಳುತ್ತಿದ್ದ.

ಇಲ್ಲಿ ಎಲ್ಲ ಎಂದಿನಂತೆ. ನೆಲಮಾಳಿಗೆಯಲ್ಲಿ ಚಳಿ. ಪಡಿಯಚ್ಚು ಸುತ್ತಿಟ್ಟ ತಗಡಿನ ಕೊಳವೆಗಳನ್ನು ಎಣಿಸಿ ಮುಂದಿನವರಿಗೆ ಒಪ್ಪಿಸಬೇಕು. ಮಾರ್ಚ್ ಮೂವತ್ತೊಂದು ನನ್ನ ಕೊನೆಯ ದಿನ. ವಿದಾಯ ಸಭೆ ಮಾಡುತ್ತಾರಂತೆ. ಬೇಡ ಎಂದರೂ ಕೇಳುತ್ತಿಲ್ಲ.

ಅಕ್ಷರ ಕೆಟ್ಟಿದೆ. ಪೆನ್ನು ಸರಿಯಿಲ್ಲ.

ತಮ್ಮ


೧೨ ಫೆಬ್ರವರಿ ೧೯೯೭
ಕೋಟೆಯ ಕೆಳಗಿನ ಊರು

ತಮ್ಮಾ,

ಅಕ್ಷರ ಕೆಟ್ಟಿರುವುದು ಪೆನ್ನಿನಿಂದಲ್ಲ, ಅವಸರದಿಂದ. ಓಡುವ ಬಸ್ಸಿನಲ್ಲಿ ನಿಂತು ಬರೆದ ಹಾಗಿದೆ. ಅಕ್ಕನಿಗೆ ಒಂದು ಪುಟ ಬರೆಯಲು ಕೂತುಕೊಳ್ಳುವಷ್ಟು ಪುರುಸೊತ್ತಿಲ್ಲವೇ ನಿನಗೆ? ನೆನಪಿಲ್ಲ, ಮುಚ್ಚಿದೆ, ಮಂಡಿ. ಸರಿ. ಸರ್ಕಾರಿ ಕೆಲಸ ನಿನ್ನ ಎಲುಬಿಗಿಳಿದಿದೆ.

ನಮ್ಮ ಚಾಲಕರ ಕಥೆ ಕೇಳು. ಹಾಳುಬಿದ್ದ ಬಸ್ ನಿಲ್ದಾಣ ಕಂಡರೂ ಕಾರು ನಿಲ್ಲಿಸುತ್ತಾರೆ. ಮೊದಲ ದಿನ ಹನ್ನೊಂದು ಸಲ. ನಾನು ಕೇಳಿದೆ:

"ಯಾಕ್ರೀ ನಿಲ್ಸಿದ್ರಿ? ಯಾರೂ ಇಲ್ವಲ್ಲ?"

"ನಾನೆಲ್ಲಿ ನಿಲ್ಸಿದೆ ಟೀಚರಮ್ಮ? ಕಾಲು ನಿಲ್ಸ್ತು. ಮೂವತ್ತು ವರ್ಷದ ಅಭ್ಯಾಸ, ನನ್ನ ಮಾತು ಕೇಳಲ್ಲ ಅದು."

"ಹಾಗಾದ್ರೆ ಟಿಕೆಟ್ಟೂ ಕೊಟ್ಬಿಡಿ."

"ಅದು ಕಂಡಕ್ಟರ್ ಕೆಲಸ. ನಾನು ಬೇರೆಯವರ ಕೆಲಸಕ್ಕೆ ಕೈ ಹಾಕಲ್ಲ."

ಇಲ್ಲಿ ಬಂಡೆಗಳು ಯಾರೋ ಅವಸರದಲ್ಲಿ ಇಳಿಸಿಹೋದ ಮೂಟೆಗಳ ಹಾಗೆ ಒಂದರ ಮೇಲೊಂದು ಕೂತಿವೆ. ಬೆಳಿಗ್ಗೆ ಬೂದಿ ಬಣ್ಣ, ಮಧ್ಯಾಹ್ನ ಕಣ್ಣು ಚುಚ್ಚುವ ಬಿಳುಪು, ಸಂಜೆಗೆ ತುಕ್ಕು ಬಣ್ಣ. ಮಳೆನೀರು ಹರಿದಲ್ಲೆಲ್ಲ ಕಪ್ಪು ಗೆರೆ. ಕಲ್ಲಿನ ವೃತ್ತಗಳು ಹೊಲದ ನಡುವೆ ಇವೆ, ಉಳುವವರು ಸುತ್ತುಬಳಸಿ ಉಳುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಬೋರ್ಡೂ ಇಲ್ಲ. ಬೋರ್ಡು ಇಲ್ಲದಿರುವುದರಿಂದಲೇ ಉಳಿದಿವೆ.

ಯಾಕೆಂದರೆ ಕೋಟೆಯಲ್ಲಿ ಬೋರ್ಡಿದೆ. ಎರಡನೇ ಬಾಗಿಲಿನ ಗೋಡೆಯ ಮೇಲಿನ ಶಾಸನಕ್ಕೇ ನಿಮ್ಮ ಇಲಾಖೆಯವರು ನಾಲ್ಕು ಬೋಲ್ಟು ಹೊಡೆದು ನೀಲಿ ಹಲಗೆ ತಗಲಿಸಿದ್ದಾರೆ: "ಈ ಗೋಡೆಯ ಮೇಲೆ ಏನನ್ನೂ ಕೊರೆಯಬಾರದು." ಒಂದು ಬೋಲ್ಟು ಸರಿಯಾಗಿ ಮೂರನೇ ಸಾಲಿನ ನಡುವೆ ಇಳಿದಿದೆ. ೧೯೫೮ರಲ್ಲಿ ಅಪ್ಪ ಈ ಮೂರನೇ ಸಾಲನ್ನು ಏಣಿಯ ಮೇಲೆ ನಿಂತು ನಾಲ್ಕು ಗಂಟೆ ಒರೆಸಿದ್ದನಂತೆ, ದಿನಚರಿಯಲ್ಲಿದೆ. ಹತ್ತು ವರ್ಷದ ಹಿಂದಾಗಿದ್ದರೆ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಾಲ್ಕು ಪತ್ರಿಕೆಗಳಿಗೆ ಬರೆಯುತ್ತಿದ್ದೆ. ಈಗ ಸಿಟ್ಟು ಬರಲಿ ಎಂದು ಕಾದು ನಿಂತೆ. ಬಂದದ್ದು ಆಕಳಿಕೆ.

ನಾಳಿದ್ದು ಕಣಿವೆಗೆ. ಕಣಿವೆಯ ಕಲ್ಲಿನ ದಿನ ದಿನಚರಿಯಲ್ಲಿ ಅಪ್ಪ ಬರೆದದ್ದು ಒಂದೇ ಸಾಲು: "೧೯ ನವೆಂಬರ್. ಜ್ವರ. ಮಳೆ. ಹಾಳೆ ಎರಡು." ಜ್ವರದಲ್ಲೂ, ಮಳೆಯಲ್ಲೂ ಕಣಿವೆಗಿಳಿದು ಕಲ್ಲು ಬಡಿದ ಮನುಷ್ಯ. ಅಂಥವನನ್ನು ಕೃತಕ ಎನ್ನುತ್ತಾರೆ.

ಅಕ್ಕ


೧೭ ಫೆಬ್ರವರಿ ೧೯೯೭
ಕಣಿವೆಯ ಬಾಯಿ

ತಮ್ಮಾ,

ಸಿಕ್ಕಿತು.

ಮೊದಲು ಅಷ್ಟು ಬರೆದು ಪೆನ್ನು ಕೆಳಗಿಟ್ಟು ಒಂದು ಲೋಟ ಟೀ ಕುಡಿದು ಬಂದೆ.

ಹಳೆಯ ದಾರಿ ಮುಚ್ಚಿರುವುದು ನಿಜ. ಕಣಿವೆಯ ಬಾಯಿಯಲ್ಲೇ ಜಲ್ಲಿ ಕ್ರಷರ್ ಬಂದಿದೆ. ಎರಡೂ ಕಡೆ ಬಂಡೆಗಳು ಅಡಿಯಿಂದ ತುದಿಯವರೆಗೆ ಸೀಳಿ ನಿಂತಿವೆ, ನಡುವೆ ಒಂದು ಗಾಡಿ ಹೋಗುವಷ್ಟು ಜಾಗ. ಗೋಡೆಯಲ್ಲಿ ಉಳಿಯ ಗುರುತು ಸಾಲುಸಾಲಾಗಿ ಇನ್ನೂ ಕಾಣುತ್ತದೆ. ಮೈಯೆಲ್ಲ ಪುಡಿ ಮೆತ್ತಿಕೊಂಡ ಮೇಸ್ತ್ರಿಯೊಬ್ಬ ಬಂದು, ಏನು ಬೇಕು ಎಂದ.

"ಅಕ್ಷರ ಇರೋ ಕಲ್ಲು ನೋಡಿದ್ದೀರಾ?"

"ಅಕ್ಷರಾನೋ ಏನೋ, ಗೀರು ಗೀರು ಇರೋದೊಂದಿದೆ. ಅದರ ಮೇಲೆ ನಾವು ಊಟದ ಡಬ್ಬಿ ಇಡ್ತೀವಿ."

"ಡಬ್ಬಿ?"

"ನೆರಳಿದೆ ಅಲ್ಲಿ. ಅದಕ್ಕೇ ಒಡೀದೆ ಬಿಟ್ಟಿದ್ದೀವಿ. ಬೈಬೇಡಿ ಅಮ್ಮ, ನಾವೇನೂ ಹಾಳು ಮಾಡಿಲ್ಲ."

ಹದಿನಾಲ್ಕು ಡಬ್ಬಿಗಳನ್ನು ಅವನೇ ಎತ್ತಿ ಕೆಳಗಿಟ್ಟ. ನೀರು ಹಾಕಿ ಒರೆಸಿದೆ. ಅಂಗೈ ಎತ್ತರದ ಅಕ್ಷರಗಳು. ಅಪ್ಪ ಕಲಿಸಿದ ಹಾಗೆ ಬೆರಳಿನಿಂದಲೇ ಓದಿದೆ: "ಈ ಕಣಿವೆಯ ದಾರಿ ಕಡಿದವನಿಗೆ." ಅಲ್ಲಿಗೆ ಕಲ್ಲು ಮುರಿದಿದೆ. ಬಲಗಡೆಯ ತುಂಡು ಇಲ್ಲ. ಇಷ್ಟು ವರ್ಷದಲ್ಲಿ ಯಾರ ಮನೆಯ ಹೊಸ್ತಿಲಾಯಿತೋ. ಇರಲಿ. ಕಲ್ಲು ಇದೆ, ತಮ್ಮಾ. ಇಂಥ ಕಲ್ಲು ಇದೆ!

ಫೋಟೋ ರೀಲನ್ನು ಈ ಪತ್ರದ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ತೊಳೆಸಿ, ಸಂಪಾದಕರ ಮೇಜಿನ ಮೇಲೆ ನೀನೇ ಕೈಯಾರೆ ಇಡು. ಏನೂ ಹೇಳಬೇಡ. ಸುಮ್ಮನೆ ಇಟ್ಟು ನಿಲ್ಲು.

ಕುಣಿಯುವಷ್ಟು ಸಂತೋಷವಾಗುತ್ತದೆ ಎಂದು ಇಪ್ಪತ್ತೇಳು ವರ್ಷ ಅಂದುಕೊಂಡಿದ್ದೆ. ಕಾಲಿಗೆ ಜೋಮು ಹಿಡಿದು ಅರ್ಧ ಗಂಟೆ ಏಳಲಾಗಲಿಲ್ಲ. ಚಾಲಕರು ಕೈ ಹಿಡಿದು ಎಬ್ಬಿಸಿ, "ನಾಲ್ಕು ಅಕ್ಷರಕ್ಕೆ ನಾನೂರು ಮೈಲಿ ಟೀಚರಮ್ಮ. ಅಂಚೇಲಿ ತರಿಸ್ಕೊಂಡಿದ್ರೆ ಆಗ್ತಿರ್ಲಿಲ್ವಾ?" ಎಂದರು.

ಅಕ್ಕ


೨೨ ಫೆಬ್ರವರಿ ೧೯೯೭
ಪಡಿಯಚ್ಚು ಸಂಗ್ರಹ

ಅಕ್ಕಾ,

ರೀಲು ಬಂತು. ತೊಳೆಯಲು ಸ್ಟುಡಿಯೋಗೆ ಕೊಟ್ಟಿದ್ದೇನೆ.

ಇಷ್ಟು ಸಾಕು. ಎಡಭಾಗ ಸಿಕ್ಕಿದೆ. ಬಲಭಾಗ ಕಳೆದುಹೋಗಿದೆ ಎಂದು ಬರೆದರೆ ಸಂಪಾದಕರು ಒಪ್ಪುತ್ತಾರೆ, ಟಿಪ್ಪಣಿ ತೆಗೆಯುತ್ತಾರೆ. ನೀನು ಅಂದುಕೊಂಡದ್ದು ಆಯಿತಲ್ಲ. ಇನ್ನು ಮರಳಿ ಬಾ. ಮೇಲಿನ ಬಂಗಲೆಗೆ ಹೋಗುವ ದಾರಿ ಚೆನ್ನಾಗಿಲ್ಲ. ಅಲ್ಲಿ ನೋಡುವಂಥದ್ದೇನೂ ಇಲ್ಲ.

ತಮ್ಮ


೨೫ ಫೆಬ್ರವರಿ ೧೯೯೭
ಕಣಿವೆಯ ಬಾಯಿ, ಅಂಚೆ ಕಚೇರಿಯ ಬೆಂಚು

ತಮ್ಮಾ,

ಇಂದು ನಿನ್ನ ಪತ್ರ ಬಂತು. ಇಷ್ಟು ವರ್ಷಕ್ಕೆ ನೀನು ನನ್ನ ಬಗ್ಗೆ ಕಾಳಜಿಯಿಂದ ಬರೆದ ಮೊದಲ ಸಾಲು ಇರಬೇಕು, ಮರಳಿ ಬಾ ಎಂದದ್ದು. ಮಡಚಿ ದಿನಚರಿಯೊಳಗಿಟ್ಟೆ.

ಆದರೆ ಬರುವುದಿಲ್ಲ. ಅರ್ಧ ಕಲ್ಲಿಗೆ ಅರ್ಧ ಮರ್ಯಾದೆ ಕೊಡುತ್ತಾರೆ, ನನಗೆ ಇವರು ಗೊತ್ತು. "ಬಲಭಾಗ ಸಂಶಯಾಸ್ಪದ" ಎಂದು ಸಣ್ಣಕ್ಷರದಲ್ಲಿ ತುರುಕುತ್ತಾರೆ. ಮೇಸ್ತ್ರಿ ಹೇಳಿದ, ಮೇಲಿನ ಬಂಗಲೆಯ ಹಿಂದೆಯೂ ಇಂಥದೇ ಗೀರಿನ ಕಲ್ಲೊಂದು ಮಣ್ಣಲ್ಲಿ ಹೂತಿದೆಯಂತೆ. ಮುರಿದ ತುಂಡನ್ನು ಯಾರಾದರೂ ಬಂಗಲೆ ಕಟ್ಟುವಾಗ ಗಾಡಿಯಲ್ಲಿ ಸಾಗಿಸಿರಬೇಕು. ನಾಲ್ಕೇ ಮೈಲಿ. ನಾಳೆ ಹೊರಡುತ್ತೇವೆ.

ಆ ಪ್ರೊಫೆಸರರು ಬದುಕಿದ್ದಿದ್ದರೆ ಒಂದು ಕಾರ್ಡು ಹಾಕುತ್ತಿದ್ದೆ. ಅಷ್ಟು ದೊಡ್ಡ ಮಾತು ಆಡಿ, ನಾನು ಪತ್ರಿಕೆಗಳಲ್ಲಿ ಹದಿನೇಳು ಪತ್ರ ಬರೆದರೂ ಒಂದಕ್ಕೂ ಉತ್ತರ ಕೊಡದೆ ಬಾಯಿ ಹೊಲಿದುಕೊಂಡು ಕೂತ ಮನುಷ್ಯ. ಹೇಡಿ.

ಅಕ್ಕ


೧ ಮಾರ್ಚ್ ೧೯೯೭
ಮನೆಯಿಂದ

ಅಕ್ಕಾ,

ಬಂಗಲೆಯ ಅಂಚೆಗೆ ಬರೆಯುತ್ತಿದ್ದೇನೆ. ಈ ಪತ್ರ ನಿನಗಿಂತ ಮೊದಲು ಮುಟ್ಟಲಿ ಎಂದುಕೊಂಡೆ. ಮುಟ್ಟುವುದಿಲ್ಲ, ಗೊತ್ತು.

ಫೋಟೋ ತೊಳೆದು ಬಂದಿದೆ. ಚೆನ್ನಾಗಿ ಬಂದಿದೆ. ಇನ್ನೂ ಕೊಟ್ಟಿಲ್ಲ.

ನೀನು ಹುಷಾರಾಗಿದ್ದೀಯ ಎಂದು ಒಂದು ಸಾಲು ಬರೆ.

ತಮ್ಮ


೮ ಮಾರ್ಚ್ ೧೯೯೭
ಮನೆಯಿಂದ

ಅಕ್ಕಾ,

ಹನ್ನೊಂದು ದಿನದಿಂದ ನಿನ್ನ ಪತ್ರವಿಲ್ಲ. ನೀನು ಪತ್ರ ಬರೆಯದೆ ಇರುವವಳಲ್ಲ. ಹಾಗಾದರೆ ನೀನು ಮಣ್ಣು ತೆಗೆದಿದ್ದೀಯ. ತೆಗೆದಿಲ್ಲದಿದ್ದರೂ ಇದನ್ನು ಬರೆಯುತ್ತೇನೆ.

೧೯೫೮ರ ನವೆಂಬರ್ ಹತ್ತೊಂಬತ್ತರಂದು ಅಪ್ಪ ಬಂಗಲೆಯ ಮಂಚದಿಂದ ಏಳಲಿಲ್ಲ. ಜ್ವರ. ನಾನೊಬ್ಬನೇ ಹೋದೆ. ನನಗೆ ಆಗ ಇಪ್ಪತ್ತೊಂದು. ಬಂಗಲೆಯ ಹಿಂದಿನ ಕಲ್ಲಿನ ಎಡಭಾಗ ಮಣ್ಣಿನಲ್ಲಿ ಹೂತಿತ್ತು, ಅಗೆಯದೆ ಕಾಣುವಷ್ಟರ ಪಡಿಯಚ್ಚು ತೆಗೆದೆ. ಕಣಿವೆಯಲ್ಲಿ ಮುರಿದ ಕಲ್ಲಿನದು ಇನ್ನೊಂದು. ಅಪ್ಪನ ನಿಯಮ ನಿನಗೆ ಗೊತ್ತು: ಹಾಳೆ ಕಲ್ಲಿನ ಮೇಲಿರುವಾಗಲೇ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕಲ್ಲಿನ ಸಂಖ್ಯೆ ಬರೆಯಬೇಕು, ಆಮೇಲೆ ಬಿಡಿಸಬೇಕು. ಮಳೆ ಬಂತು. ಬರೆಯದೆ ಬಿಡಿಸಿ ಎರಡನ್ನೂ ಒಂದೇ ಕೊಳವೆಗೆ ಹಾಕಿಕೊಂಡು ಓಡಿಬಂದೆ.

ಬೈಗುಳಕ್ಕೆ ಸಿದ್ಧನಾಗಿ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಎದ್ದು ಕೂತು ಎರಡೂ ಹಾಳೆಗಳನ್ನು ಕಂಬಳಿಯ ಮೇಲೆ ಹಾಸಿದ. ಒಂದೇ ಎತ್ತರದ ಅಕ್ಷರ, ಒಂದೇ ಕೈಯ ಕೆತ್ತನೆ. ತಾನೇ ಪಕ್ಕಪಕ್ಕ ಸರಿಸಿದ. ಗಟ್ಟಿಯಾಗಿ ಓದಿದ. ಆಮೇಲೆ ನಕ್ಕ. ಅಮ್ಮ ಹೋದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಅಕ್ಕ ನಿಲ್ಲಿಸಿದ ಕಲ್ಲಂತೆ ಕಣೋ. ನಿನ್ನ ಅಕ್ಕನಿಗೆ ಮೊದಲು ತೋರಿಸ್ಬೇಕು ಇದನ್ನ," ಎಂದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಒಂದೇ ಕಲ್ಲು ತಾನೆ?"

ನಾನು "ಹೂಂ" ಎಂದೆ.

ಮಾರನೆಯ ದಿನ ಹೇಳೋಣ ಎಂದುಕೊಂಡೆ. ಮಾರನೆಯ ದಿನ ಅಪ್ಪ ಮೈದಾ ಅಂಟು ಕಾಯಿಸಿ ಎರಡನ್ನೂ ಜೋಡಿಸಿಬಿಟ್ಟಿದ್ದ. ಊರಿಗೆ ಬಂದ ಮೇಲೆ ನೀನು ಅದನ್ನು ಗೋಡೆಗೆ ಒತ್ತಿಹಿಡಿದು ಓದಿ ಅತ್ತೆ. ಆಮೇಲೆ ಪಠ್ಯಪುಸ್ತಕಕ್ಕೆ ಬಂತು. ಪ್ರೊಫೆಸರರು ಬರೆದ ಮೇಲೆ, ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೇನೆ. ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಆ ವರ್ಷವೇ ನನ್ನ ನೌಕರಿ ಕಾಯಂ ಆದದ್ದು.

ಇಪ್ಪತ್ತೆಂಟು ವರ್ಷದಿಂದ ಆ ಹಾಳೆ ಇರುವ ಕೊಳವೆ ನನ್ನ ಕುರ್ಚಿಯ ಹಿಂದೆಯೇ ಇದೆ. ವರ್ಷಕ್ಕೊಮ್ಮೆ ತೆಗೆದು ನುಸಿಗುಳಿಗೆ ಬದಲಿಸುತ್ತೇನೆ. ಏನೂ ಅನಿಸುವುದಿಲ್ಲ. ಮೊದಮೊದಲು ಅನಿಸುತ್ತಿತ್ತು.

ತಮ್ಮ


೯ ಮಾರ್ಚ್ ೧೯೯೭
ಮೇಲಿನ ಬಂಗಲೆ

ತಮ್ಮಾ,

ಫೆಬ್ರವರಿ ಇಪ್ಪತ್ತಾರಕ್ಕೇ ಇಲ್ಲಿಗೆ ಬಂದೆ. ದಿನಾ ಬರೆಯಲು ಕೂರುತ್ತಿದ್ದೆ, ತಾರೀಖು ಹಾಕಿ ಏಳುತ್ತಿದ್ದೆ.

ದಾರಿ ನೀನು ಹೆದರಿಸಿದಷ್ಟು ಕೆಟ್ಟದ್ದಲ್ಲ. ಬಂಗಲೆಯ ಹೆಂಚು ಅರ್ಧ ಹೋಗಿದೆ, ಎರಡು ಕೋಣೆ ನೆಟ್ಟಗಿವೆ. ನೋಡಿಕೊಳ್ಳುವ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿಗ್ಯಾರಮ್ಮ ಬರ್ತಾರೆ? ಹಲ್ಲಿ ಬರುತ್ತೆ, ಗಾಳಿ ಬರುತ್ತೆ, ಈಗ ನೀವು," ಎಂದಳು. ಅವಳ ಕೈತೋಟದ ಸಲಿಕೆ ತೆಗೆದುಕೊಂಡು ಹಿಂದಕ್ಕೆ ಹೋದೆ. ಗಿಡಗಂಟಿ ಸರಿಸಿದರೆ ಮಣ್ಣಿನ ಮೇಲಿದ್ದ ಭಾಗ ಓದಬಹುದಿತ್ತು: "ಅಕ್ಕ ನಿಲ್ಲಿಸಿದ ಕಲ್ಲು." ಚಾಲಕರು, "ಸಿಕ್ತಲ್ಲ ಟೀಚರಮ್ಮ, ಇನ್ಯಾಕೆ ಅಗಿಯೋದು?" ಎಂದರು. ಮುರಿದ ಅಂಚು ಕಾಣಬೇಕಲ್ಲ, ಕೆಳಗಿನ ಕಲ್ಲಿನ ಅಂಚಿಗೆ ಹೊಂದುತ್ತದೆ ಎಂದು ತೋರಿಸಬೇಕಲ್ಲ, ಅದಕ್ಕೆ ಅಗೆದೆ.

ಅಂಚು ಮುರಿದಿರಲಿಲ್ಲ. ಕಲ್ಲು ಮುಂದುವರಿಯಿತು. ಎಡಗಡೆ ಮಣ್ಣಿನೊಳಗಿಂದ ಇನ್ನೂ ಅಕ್ಷರ ಬಂದವು. "ಮರಳಿ ಬಾರದವನಿಗೆ."

ಮರಳಿ ಬಾರದವನಿಗೆ ಅಕ್ಕ ನಿಲ್ಲಿಸಿದ ಕಲ್ಲು. ಇಡೀ ಕಲ್ಲು, ಎಲ್ಲೂ ಒಡೆದಿಲ್ಲ. ದಾರಿ ಕಡಿದವನಿಗೆ ಯಾರು ಏನು ಮಾಡಿದರೋ, ಆ ತುಂಡು ಜಲ್ಲಿಯಾಗಿದೆ. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿದ ಅಕ್ಕ ಬೇರೆ ಯಾರದೋ ಅಕ್ಕ.

ಆ ದಿನ ಸಂಜೆ ಹೆಂಗಸು ಬಂಗಲೆಯ ಭೇಟಿ ಪುಸ್ತಕ ತಂದಳು, ಸಹಿ ಹಾಕಬೇಕಂತೆ. ಹಳೆಯದೂ ಇದೆಯೇ ಎಂದೆ. ಸೌದೆ ಕೋಣೆಯಿಂದ ಗೆದ್ದಲು ಹಿಡಿದ ಮೂರು ಪುಸ್ತಕ ತಂದಿಟ್ಟಳು. ಎರಡನೆಯದರಲ್ಲಿ ಇತ್ತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೇ ೧೯೬೯, ಪ್ರೊಫೆಸರರು. ಉದ್ದೇಶ: ೧೧೪ನೇ ಕಲ್ಲು. ಷರಾ: "ಮೂರು ದಿನ ಹುಡುಕಿದೆ. ಸಿಗಲಿಲ್ಲ."

ಅಕ್ಟೋಬರ್ ೧೯೬೯, ಅಪ್ಪ. ಉದ್ದೇಶ: ಅದೇ. ಷರಾ: "ಪ್ರೊಫೆಸರರು ಹೇಳಿದ್ದು ಸರಿ. ಕಲ್ಲುಗಳು ಎರಡು. ನೋಡದೆ ಸಹಿ ಹಾಕಿದವನು ನಾನು."

ಜನವರಿ ೧೯೭೦, ಪ್ರೊಫೆಸರರು. ಉದ್ದೇಶ: ಅದೇ. ಷರಾದ ಜಾಗ ಖಾಲಿ. ಸಹಿ ಮಾತ್ರ, ಅಪ್ಪನ ಸಹಿಯ ಕೆಳಗೆ.

ಆಮೇಲೆ ಅವರು ಅಪ್ಪನ ಬಗ್ಗೆ ಒಂದಕ್ಷರ ಬರೆಯಲಿಲ್ಲ. ನಾನು ಅವರನ್ನು ಹೇಡಿ ಎಂದು ಹದಿನೇಳು ಪತ್ರ ಬರೆದೆ. ಹದಿನೇಳೂ ಅಚ್ಚಾದವು. ಅವರು ಒಂದು ಕಾರ್ಡು ಬರೆದಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ಅಪ್ಪ ಯಾರನ್ನು ಉಳಿಸಲು ಸುಮ್ಮನಿದ್ದನೋ, ಅದನ್ನು ಅವರೂ ಊಹಿಸಿ ಸುಮ್ಮನಾದರು. ನಾನೊಬ್ಬಳೇ ಕೂಗುತ್ತಿದ್ದದ್ದು.

ದಿನಚರಿಯ ಆ ಸಾಲನ್ನು ಮತ್ತೆ ತೆಗೆದು ನೋಡಿದೆ. ಜ್ವರ. ಮಳೆ. ಹಾಳೆ ಎರಡು. ಜ್ವರವಿದ್ದವನು ಮಲಗಿರುತ್ತಾನೆ ಎನ್ನುವುದು ನನಗೆ ಹೊಳೆಯಲಿಲ್ಲ. ಜ್ವರದಲ್ಲೂ ದುಡಿದ ಎಂದು ಓದಿದೆ. ಆ ದಿನ ಕಣಿವೆಗೆ ಇಳಿದದ್ದು ಯಾರು ಎಂದು ನಾನು ಕೇಳುವುದಿಲ್ಲ. ಅಪ್ಪ ಕೇಳಲಿಲ್ಲ.

ಇನ್ನೊಂದು. ನಿನ್ನ ಪತ್ರಗಳನ್ನೆಲ್ಲ ಈ ಮೇಜಿನ ಮೇಲೆ ಹರಡಿಕೊಂಡಿದ್ದೇನೆ. ಮೂವತ್ತು ವರ್ಷ ಮಕ್ಕಳ ಅಕ್ಷರ ತಿದ್ದಿದವಳು ನಾನು. ನಿನ್ನ ಅಕ್ಷರ ಎಡಕ್ಕೆ ವಾಲುತ್ತಿದೆ, ಸಾಲಿನ ಮೇಲೆ ಕೈ ಉಜ್ಜಿ ಮಸಿ ಕದಡಿದೆ. ಅವಸರವಲ್ಲ ಅದು. ನೀನು ಎಡಗೈಯಲ್ಲಿ ಬರೆಯುತ್ತಿದ್ದೀಯ. ಬಲಗೈಗೆ ಏನಾಯಿತು? ಯಾವಾಗ ಆಯಿತು? ಈ ಪ್ರಶ್ನೆಗಾದರೂ ಉತ್ತರ ಕೊಡು.

ಕೆಳಗೆ ಸಂಪುಟಕ್ಕೆ ಕಳಿಸಬೇಕಾದ ಒಕ್ಕಣೆ ಇದೆ. ಎರಡನೇ ರೀಲೂ ಇದರ ಜೊತೆಗಿದೆ.

"೧೧೪: ಈ ಕಣಿವೆಯ ದಾರಿ ಕಡಿದವನಿಗೆ (ಮುಂದೆ ಕಲ್ಲು ಮುರಿದಿದೆ). ೧೧೪ ಅ: ಮರಳಿ ಬಾರದವನಿಗೆ ಅಕ್ಕ ನಿಲ್ಲಿಸಿದ ಕಲ್ಲು. ಇವು ಎರಡು ಕಲ್ಲುಗಳು. ೧೯೫೮ರಲ್ಲಿ ಇವೆರಡರ ಪಡಿಯಚ್ಚುಗಳನ್ನು ಒಂದೆಂದು ತಪ್ಪಾಗಿ ಜೋಡಿಸಲಾಯಿತು. ಕಲ್ಲು ನೋಡದೆ ಸಹಿ ಹಾಕಿದವರು: ಆಗಿನ ಪಡಿಯಚ್ಚುಗಾರರು. ಹಾಳೆಗಳನ್ನು ತಂದವರು: ________"

ಖಾಲಿ ಬಿಟ್ಟಿದ್ದೇನೆ. ತುಂಬುವುದು ನನ್ನ ಕೆಲಸವಲ್ಲ. ಹೀಗೇ ಖಾಲಿ ಕೊಟ್ಟರೂ ಅಪ್ಪನ ಮೇಲಿ‌ನ "ಕೃತಕ" ಹೋಗುತ್ತದೆ, ಅಪ್ಪನ ಪಾಲಿನ ತಪ್ಪು ಮಾತ್ರ ಉಳಿಯುತ್ತದೆ. ಏನೇ ಮಾಡಿದರೂ ನಾನು ಯಾವ ಪತ್ರಿಕೆಗೂ ಬರೆಯುವುದಿಲ್ಲ.

ನಾಳೆ ಇಳಿಯುತ್ತೇವೆ. ಚಾಲಕರು ಕಾರು ತೊಳೆಯುತ್ತಿದ್ದಾರೆ.

ಅಕ್ಕ


೧೪ ಮಾರ್ಚ್ ೧೯೯೭
ಮನೆಯಿಂದ

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು. ನನ್ನ ಎಂಟನೇ ತಾರೀಖಿನ ಪತ್ರ ಬಂಗಲೆಗೆ ಹೋಗಿ, ನಿನ್ನನ್ನು ಕಾಣದೆ ಹಿಂದೆ ಬರುತ್ತಿರಬಹುದು. ಅದನ್ನು ನಾನು ನಿನ್ನ ಪತ್ರ ನೋಡುವ ಮೊದಲೇ ಬರೆದದ್ದು. ಅಷ್ಟು ನಿನಗೆ ತಿಳಿದರೆ ಸಾಕು.

ಕೈ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಏಳುವಾಗ ಬಲಗೈ ಮರಗಟ್ಟಿತ್ತು. ತಲೆಯಲ್ಲಿ ಸಣ್ಣ ರಕ್ತದ ಗಂಟು ಎಂದರು ಡಾಕ್ಟರು. ಕೈ ಎತ್ತಬಹುದು, ಹಿಡಿಯಬಹುದು, ಏನು ಹಿಡಿದಿದ್ದೇನೆ ಎಂದು ಗೊತ್ತಾಗುವುದಿಲ್ಲ. ನಿನಗೆ ಹೇಳಿದ್ದರೆ ನೀನು ಹೊರಡುತ್ತಿರಲಿಲ್ಲ. ನೀನು ಹೊರಡದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಆದರೂ ಹೇಳಲಿಲ್ಲ. ಯಾಕೆಂದು ನನಗೂ ಅರ್ಥವಾಗಿಲ್ಲ.

ಎರಡನೇ ರೀಲನ್ನು ರಾತ್ರಿಯೇ ತೊಳೆಸಿದೆ. ಇವತ್ತು ಬೆಳಿಗ್ಗೆ ಎರಡೂ ಫೋಟೋಗಳನ್ನು, ನಿನ್ನ ಒಕ್ಕಣೆಯನ್ನು ಸಂಪಾದಕರ ಮೇಜಿನ ಮೇಲೆ ಇಟ್ಟೆ. ನೀನು ಹೇಳಿದ ಹಾಗೆ ಏನೂ ಹೇಳದೆ ನಿಂತೆ. ಖಾಲಿ ಜಾಗದಲ್ಲಿ ಬರೆದಿದ್ದೆ: "ಆಗಿನ ಸಹಾಯಕ, ಈಗಿನ ಸಂಗ್ರಹಪಾಲಕ. ಕಲ್ಲು ಎರಡೆಂದು ತಿಳಿದೂ ಒಂದೇ ಎಂದು ಸುಳ್ಳು ಹೇಳಿದವನು." ಸಂಪಾದಕರಿಬ್ಬರಲ್ಲಿ ಚಿಕ್ಕವಳು ಅದನ್ನು ಎರಡು ಸಲ ಓದಿದಳು. "ಸರ್, ಇದನ್ನ ಹೀಗೇ ಹಾಕ್ಬೇಕಾ?" ಎಂದಳು. ಹೀಗೇ ಎಂದೆ. ಮಧ್ಯಾಹ್ನ ಗುಮಾಸ್ತರು ಬಂದು, ವಿದಾಯ ಸಭೆಯ ಬ್ಯಾನರು ಬರೆಸಿಯಾಗಿದೆ, ಈಗ ಅದನ್ನೇನು ಮಾಡಲಿ ಎಂದು ಕೇಳಿದರು. ಹಿಂದುಗಡೆ ಖಾಲಿ ಇದೆಯಲ್ಲ ಎಂದೆ. ಅವರಿಗೆ ನಗು ಬಂತು, ತಡೆದುಕೊಂಡರು.

೧೧೪ರ ಪಡಿಯಚ್ಚನ್ನು ಅನುಮತಿ ಪಡೆದು ಮನೆಗೆ ತಂದಿದ್ದೇನೆ. ಮೇಜಿನ ಮೇಲೆ ಹಾಸಿ, ಅಂಟಿಸಿದ ಗೆರೆಯ ಮೇಲೆ ಮಾತ್ರ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಇಟ್ಟೆ. ನೀರು ಎಷ್ಟು ಬಿಸಿ ಎಂದು ಬಲಗೈಗೆ ತಿಳಿಯಲಿಲ್ಲ, ಎಡಗೈ ಸುಟ್ಟಿತು. ಗಂಟೆಗಟ್ಟಲೆ ಹಿಡಿಯುತ್ತದೆ ಎಂದು ಕುರ್ಚಿ ಎಳೆದುಕೊಂಡಿದ್ದೆ. ಮೂವತ್ತೊಂಬತ್ತು ವರ್ಷದ ಅಂಟು ಹತ್ತು ನಿಮಿಷಕ್ಕೆ ಬಿಟ್ಟಿತು.

ಹಿತ್ತಲಿನ ಬಟ್ಟೆ ಹಗ್ಗದ ಮೇಲೆ ಒಣಗಲು ಹಾಕುತ್ತಿದ್ದೆ. ನನ್ನ ಹೆಂಡತಿ ಬಂದು ನೋಡಿದಳು.

"ಇದೇನ್ರೀ, ಎರಡಾಗ್ಬಿಟ್ಟಿದೆ?"

"ಎರಡೇ," ಎಂದೆ. "ಮೊದಲಿಂದ್ಲೂ ಎರಡೇ ಇದ್ದದ್ದು."

ಅವಳು ಒಳಗೆ ಹೋಗಿ ಇನ್ನೆರಡು ಕ್ಲಿಪ್ಪು ತಂದುಕೊಟ್ಟಳು.

ತಮ್ಮ